ಜ್ವರವಿಲ್ಲದವರ ಕೆಂಪು ಮಾತ್ರೆ

ಜ್ವರ ಬಂದವನಿಗೆ ಮದ್ದು ಕೊಡುವುದು ಕಷ್ಟವಲ್ಲ; ಅವನೇ ಕೈ ಚಾಚುತ್ತಾನೆ. ಜ್ವರವೇ ಇಲ್ಲದವನಿಗೆ ಮದ್ದು ನುಂಗಿಸಲು ಹೊರಟಾಗ ಮಾತ್ರ, ನಗಬಾರದ ಜಾಗದಲ್ಲಿ ನಗು ತರಿಸುವ ಸಂಗತಿಗಳು ಒಂದರ ಹಿಂದೊಂದು ನಡೆಯುತ್ತಲೇ ಇರುತ್ತವೆ. ಎಪ್ಪತ್ತರ ದಶಕದ ಕೊನೆಯಿಂದ ಎಂಬತ್ತರ ದಶಕದುದ್ದಕ್ಕೂ ಪುತ್ತೂರಿನ ಒಂದು ಖಾಸಗಿ ದವಾಖಾನೆಯಲ್ಲಿ, ಔಷಧ ಕೊಡುವ ಕಿಟಕಿಯ ಹಿಂದೆ ನಾನು ಕುಳಿತಿದ್ದೆ. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವಂತೆ ಎಲ್ಲರೂ ನನ್ನನ್ನು ಬಾಯಮ್ಮ ಎನ್ನುತ್ತಿದ್ದರು. ಆ ಕಿಟಕಿಯಿಂದ ನನಗೆ ಕಂಡಷ್ಟು ಒಳಗಿದ್ದ ಡಾಕ್ಟರಿಗೂ ಕಂಡಿರಲಾರದು.

ನಮ್ಮ ಡಾಕ್ಟರು ಓದುವ ಚಟದವರು. ಫ್ಲೂ ಜ್ವರದ ಒಂದು ಬಗೆಗೆ ಅಮಾಂಟಡಿನ್ ಎಂಬ ಔಷಧವಿದೆ. ಜ್ವರ ಹಿಡಿದ ಕೂಡಲೇ ಕೊಟ್ಟರೆ ರೋಗಿ ಬೇಗ ಏಳುತ್ತಾನೆ, ಅದೇ ಮನೆಯ ಉಳಿದವರಿಗೆ ಮುಂಚಿತವಾಗಿ ಕೊಟ್ಟರೆ ಅವರು ಮಲಗುವುದೇ ತಪ್ಪುತ್ತದೆ ಎಂದು ಅವರು ಓದಿದ್ದರು. ಡಾಕ್ಟರ ಚೀಟಿ ಇಲ್ಲದೆ ಸಿಗದ ಆ ಕೆಂಪು ಕ್ಯಾಪ್ಸೂಲುಗಳನ್ನು ಮಂಗಳೂರಿನಿಂದ ತರಿಸಿ ನನ್ನ ಕಪಾಟಿನಲ್ಲಿ ಇರಿಸಿದರು. ಕೀಲಿಕೈ ನನ್ನ ಸೊಂಟದಲ್ಲಿತ್ತು. ಬೋರ್ಡಿಂಗಿನಲ್ಲಿದ್ದು ಓದಿದ ಕಾನ್ವೆಂಟಿನ ಸಿಸ್ಟರುಗಳು ನನಗೆ ಎರಡು ವಿದ್ಯೆಗಳನ್ನು ಚೆನ್ನಾಗಿ ಕಲಿಸಿದ್ದರು: ಗೆರೆಯನ್ನು ನೇರವಾಗಿ ಎಳೆಯುವುದು, ಮತ್ತು "ನುಂಗಿದೆ" ಎಂದವಳ ಬಾಯಿ ತೆರೆಸಿ ನೋಡುವುದು.

೧. ಕೋಡಿಂಬಾಳದ ಪರೀಕ್ಷೆ

ಕೋಡಿಂಬಾಳದ ದೊಡ್ಡ ಮನೆತನದ ಹಿರಿಯಾಕೆಯೊಬ್ಬರು ಜ್ವರದಲ್ಲಿದ್ದ ಮಗನನ್ನು ಕರೆತಂದಿದ್ದರು. ಡಾಕ್ಟರು ಮಗನಿಗೂ ತಾಯಿಗೂ ಕೆಂಪು ಮಾತ್ರೆ ಬರೆದರು. ಆಕೆ ಕಿಟಕಿಯ ಬಳಿ ಬಂದು ಎರಡು ಪೊಟ್ಟಣಗಳನ್ನೂ ನೋಡಿದರು.

"ಜ್ವರ ಯಾರಿಗೆ ಬಾಯಮ್ಮ?"

"ನಿಮ್ಮ ಮಗನಿಗೆ."

"ಮತ್ತೆ ನಂಗೆ ಎಂತಕ್ಕೆ?"

"ನಿಮಗೆ ಬಾರದಿರಲಿ ಎಂದು."

"ಬಾರದ ಜ್ವರಕ್ಕೆ ಮದ್ದು ತಿನ್ಲಿಕ್ಕೆ ನಂಗೇನು ಮರ್ಲಾ, ತಲೆ ಸರಿ ಇಲ್ವಾ?" ಎಂದವರು ಕಿಟಕಿಯೊಳಗೆ ತಲೆ ಹಾಕಿ, ದನಿ ತಗ್ಗಿಸಿ ಕೇಳಿದರು: "ಇದು ನಮ್ಮ ಸೊಸೆ ಹೇಳಿ ಕೊಡಿಸುದಲ್ಲ ತಾನೆ?"

ಸೊಸೆ ದವಾಖಾನೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ. ಇಲ್ಲಿಯೇ ನುಂಗಿ ಎಂದೆ. ಊಟವಾಗದೆ ಮದ್ದು ತಿನ್ನುವುದಿಲ್ಲವೆಂದು ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡು ಹೊರಟರು.

ಮುಂದಿನ ವಾರ ಅದೇ ಹಿರಿಯಾಕೆ ಕಂಬಳಿ ಹೊದ್ದು, ಮಗನ ಭುಜ ಹಿಡಿದುಕೊಂಡು ಬಂದರು. ಮೈ ಕಾದಿತ್ತು.

"ಮಾತ್ರೆ ನುಂಗಿದಿರಾ?"

"ಗುರುತಿಲ್ಲದ ಮದ್ದು ಬಾಯಮ್ಮ, ಹಾಗೇ ಬಾಯಿಗೆ ಹಾಕ್ಲಿಕ್ಕೆ ಆಗ್ತದಾ? ಮೊದಲು ನಾಯಿಗೆ ಹಾಕಿ ನೋಡಿದೆ."

"ಒಂದನ್ನೇ?"

"ಒಂದರಲ್ಲಿ ಎಂತ ಗೊತ್ತಾಗುದು? ಮುಗಿಯುವವರೆಗೂ ಹಾಕಿದೆ." ಕೆಮ್ಮು ನಿಂತ ಮೇಲೆ ಆಕೆ ತೃಪ್ತಿಯಿಂದ ಹೇಳಿದರು: "ಆದ್ರೆ ಮದ್ದು ಒಳ್ಳೆದುಂಟು. ಇಡೀ ಮನೆ ಮಲಗಿತು. ನಾಯಿಗೆ ಮಾತ್ರ ಒಂದು ಸೀನು ಇಲ್ಲ."

೨. ಒಳಗಿನ ಮಾಲು

ಪುತ್ತೂರು ಪೇಟೆಯ ಅಡಿಕೆ ವ್ಯಾಪಾರಿಯೊಬ್ಬರು, ಬ್ಯಾರಿ ಮನೆತನದ ಸಜ್ಜನರು. ಕೊಲ್ಲಿ ದೇಶದಿಂದ ಬಂದ ತಮ್ಮ ಫ್ಲೂ ಹಿಡಿದು ಮಲಗಿದ್ದರಿಂದ ಅಣ್ಣನಿಗೂ ಡಾಕ್ಟರು ಮಾತ್ರೆ ಬರೆದರು. ಕೋಡಿಂಬಾಳದ ಅನುಭವದ ನಂತರ ನಾನು ಒಂದು ಲೋಟ ನೀರನ್ನು ಕಿಟಕಿಯಲ್ಲಿಯೇ ಇಡುತ್ತಿದ್ದೆ.

ಅವರು ಕ್ಯಾಪ್ಸೂಲನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಕಿವಿಯ ಬಳಿ ಅಲ್ಲಾಡಿಸಿದರು.

"ಒಳಗೆ ಎಂತ ಉಂಟು ಬಾಯಮ್ಮ?"

"ಔಷಧದ ಪುಡಿ."

"ನೀವು ನೋಡಿದ್ದೀರಾ?"

ನಾನು ನೋಡಿರಲಿಲ್ಲ. ನೀರಿನ ಲೋಟವನ್ನು ಅವರ ಕಡೆ ಸರಿಸಿದೆ.

"ಸಿಪ್ಪೆ ನೋಡಿ ಅಡಿಕೆ ಕೊಂಡ್ರೆ ನಾನು ಎಂದೋ ಅಂಗಡಿ ಮುಚ್ಚಬೇಕಿತ್ತು" ಎನ್ನುತ್ತ, ನಾನು ತಡೆಯುವಷ್ಟರಲ್ಲಿ ಜೇಬಿನಿಂದ ಅಡಕತ್ತರಿ ತೆಗೆದು, ಗೋಣಿಯಿಂದ ಹೆಕ್ಕಿದ ಅಡಿಕೆಯನ್ನು ಪರೀಕ್ಷಿಸುವಂತೆ ಕ್ಯಾಪ್ಸೂಲನ್ನು ನಡುವೆ ಕತ್ತರಿಸಿಯೇಬಿಟ್ಟರು. ಪುಡಿ ಕಿಟಕಿಯ ಹಲಗೆಯ ಮೇಲೆ ಚೆಲ್ಲಿತು. ಬೆರಳ ತುದಿಯಿಂದ ನೆಕ್ಕಿ ಮುಖ ಕಿವುಚಿದರು.

"ಅಸಲು ಮದ್ದೇ. ಆದ್ರೆ ಮಾರಾಯ್ರೆ, ನಿಮ್ಮ ಡಾಕ್ಟ್ರಿಗೆ ಯಾರೋ ಟೋಪಿ ಹಾಕಿದ್ದಾರೆ. ಮಾಲು ಇಷ್ಟೇ ಇಷ್ಟು, ಚೀಲವೇ ದೊಡ್ಡದು."

೩. ಕುಡಿಯದವನ ಮಾತು

ಇನ್ನು ಹೇಳಬೇಕಾದುದು ಬೋರ್ಡು ಬರೆಯುವ ಒಬ್ಬ ಪೇಂಟರನ ವಿಷಯ. ಒಂದು ಕಾಲಕ್ಕೆ ಪುತ್ತೂರಿನಿಂದ ಕಡಬ, ಸುಳ್ಯದವರೆಗೆ ಅಂಗಡಿಗಳ ಹಣೆಯ ಮೇಲೂ ಬಸ್ಸುಗಳ ಹಣೆಯ ಮೇಲೂ ಆತನ ಅಕ್ಷರಗಳೇ ಇದ್ದವು. ಐವತ್ತು ದಾಟಿದ ಮೇಲೆ ಆ ಅಕ್ಷರಗಳು ನಡುಗತೊಡಗಿದವು. ಕುಡಿತವೆಂದು ಊರು ತೀರ್ಮಾನಿಸಿತು. ನಾನೂ ಹಾಗೆಯೇ ತೀರ್ಮಾನಿಸಿದ್ದೆ. ಕೆಲಸಗಳು ಒಂದೊಂದಾಗಿ ಕೈತಪ್ಪಿದವು. ಕೊನೆಗೆ ಉಳಿದಿದ್ದವರು ಸುಳ್ಯದ ಬಸ್ ಮಾಲೀಕರೊಬ್ಬರು ಮಾತ್ರ.

ಒಂದು ಮಳೆಗಾಲ ಪೇಂಟರನಿಗೆ ನಿಜವಾಗಿಯೂ ಫ್ಲೂ ಬಂದಿತು. ರಕ್ತದೊತ್ತಡ ತೋರಿಸಲು ಬಂದಿದ್ದ ಬಸ್ ಮಾಲೀಕರೂ ಅದೇ ಬೆಂಚಿನಲ್ಲಿದ್ದರು.

"ಇನ್ನು ನಿನ್ನಲ್ಲಿ ಬರೆಸ್ಲಿಕ್ಕೆ ಆಗುದಿಲ್ಲ ಮಾರಾಯಾ" ಎಂದರು ಅವರು. "ನಿನ್ನ ಬೋರ್ಡು ನೋಡಿ ಜನ ಬಸ್ಸು ಹತ್ತುದಿಲ್ಲ. ಬೋರ್ಡೇ ಹೀಗೆ ನಡುಗುವಾಗ ಅರಂತೋಡಿನ ತಿರುವಲ್ಲಿ ಬಸ್ಸು ಹೇಗೆ ನಡುಗೀತು ಅಂತ ಕೇಳ್ತಾರೆ."

ಎಲ್ಲರೂ ನಕ್ಕರು. ಪೇಂಟರ್ ಬಲಗೈಯನ್ನು ಕಂಕುಳಲ್ಲಿ ಅಡಗಿಸಿಕೊಂಡು ತಾನೂ ನಕ್ಕ. ಡಾಕ್ಟರ ಮುಂದೆಯೂ ಆ ಕೈಯನ್ನು ಹೊರತೆಗೆಯಲಿಲ್ಲ. ನನ್ನ ಕಿಟಕಿಯಲ್ಲಿ ಮಾತ್ರ ತೆಗೆಯಲೇಬೇಕಾಯಿತು. ಪೊಟ್ಟಣ ಆ ಕೈಯಲ್ಲಿ ಎಲೆಯಂತೆ ಅಲುಗಿತು.

"ಈ ಮದ್ದಿನ ಜೊತೆ ಕುಡಿಯಬಾರದು" ಎಂದೆ.

"ನಾನು ಕುಡಿಯುದಿಲ್ಲ ಬಾಯಮ್ಮ."

"ಎಲ್ಲರೂ ಹಾಗೆಯೇ ಹೇಳುತ್ತಾರೆ."

"ಹಾಗಾದ್ರೆ ಕುಡಿಯದವ ಮತ್ತೆ ಹೇಗೆ ಹೇಳುದು?"

ನಾನು ಕಿಟಕಿ ಮುಚ್ಚಿದೆ.

೪. ಬಿಸಿ

ಜ್ವರ ಇಳಿಯಿತು. ಆದರೆ ಪೇಂಟರ್ ಮತ್ತೆ ಬಂದ. ಹೆಂಡತಿಗೆ ಫ್ಲೂ ಎಂದ. ತನಗೆ ತಡೆಯುವ ಮಾತ್ರೆ ಬೇಕೆಂದ. ಡಾಕ್ಟರು ಬರೆದರು. ಅನಂತರ ಭಾವನಿಗೆ ಎಂದ. ಅನಂತರ ಕೊಯಿಲದ ದನದ ಫಾರ್ಮಿನಲ್ಲಿ ಕೆಲಸಕ್ಕಿದ್ದು ಮನೆಗೆ ಬಂದ ಅಳಿಯನಿಗೆ ಎಂದ. ಊರಿಗೆ ಊರೇ ಮದ್ದನ್ನು ಸಂಶಯದಿಂದ ನೋಡುತ್ತಿರುವಾಗ ಒಬ್ಬ ಮನುಷ್ಯ ಕೇಳಿ ಪಡೆದು, ನನ್ನೆದುರೇ ನುಂಗಿ, ಹೇಳದೆಯೇ ಬಾಯಿ ತೆರೆದು ತೋರಿಸುತ್ತಾನೆಂದರೆ, ಆತನನ್ನು ನಾನು ಸಂಶಯದಿಂದ ನೋಡುವುದು ಅನಿವಾರ್ಯವಾಯಿತು. ಒಂದನ್ನು ಇಲ್ಲಿ ನುಂಗಿ ಉಳಿದವನ್ನು ಕೊಲ್ಲಿಗೆ ಹೋಗುವವರಿಗೆ ಮಾರುತ್ತಾನೆಂದು ನನ್ನ ಲೆಕ್ಕಾಚಾರ.

ಇದೇ ಸಮಯದಲ್ಲಿ ಆತ ಡಾಕ್ಟರಲ್ಲಿ ಒಂದು ಬೇಡಿಕೆ ಇಟ್ಟ: ದವಾಖಾನೆಯ ತುಕ್ಕು ಹಿಡಿದ ಬೋರ್ಡನ್ನು ತಾನು ಹೊಸದಾಗಿ ಬರೆಯುವೆ, ಅಕ್ಷರ ಅಲುಗಿದರೆ ಕೂಲಿ ಬೇಡ. ಡಾಕ್ಟರು ಒಪ್ಪಿದರು. ಮೊದಲ ಸಾಲಾಗಿ ಡಾಕ್ಟರ ಹೆಸರು ಮೂಡಿತು. ಅದು ಸಿಸ್ಟರುಗಳು ಮೆಚ್ಚುವಂತಹ ಸಾಲು. ಪ್ರಾರ್ಥನೆಗೆ ನಿಂತ ಮಕ್ಕಳಂತೆ ಅಕ್ಷರಗಳು ನಿಂತಿದ್ದವು. ಬಸ್ ಮಾಲೀಕರು ಬಂದವರೇ ಬಾಗಿಲಲ್ಲಿ ನಿಂತುಬಿಟ್ಟರು.

"ಇದು ಯಾರ ಕೈ?"

"ನಂದೇ."

"ನಂಬ್ಲಿಕ್ಕೆ ಆಗುದಿಲ್ಲ. ಮುಂದಿನ ಸಾಲು ನನ್ನ ಎದುರು ಬರಿ. ಅಕ್ಷರ ನಿಂತ್ರೆ ನನ್ನ ಬಸ್ಸೆಲ್ಲ ನಿಂಗೆ. ನಿಲ್ಲದಿದ್ರೆ ಮತ್ತೆ ನನ್ನ ಶೆಡ್ಡಿಗೆ ಬರಬೇಡ."

ಮಳೆ ಹಿಡಿಯಿತು; ಕೆಲಸ ನಿಂತಿತು; ಆತನ ಮಾತ್ರೆಗಳು ಮುಗಿದವು. ಡಾಕ್ಟರು ಕಡಬಕ್ಕೆ ಹೋಗಿದ್ದ ದಿನ ನೋಡಿ ಪೇಂಟರ್ ಕಿಟಕಿಗೆ ಬಂದ. ಈ ಸಲ ಜ್ವರ ತನಗೇ ಎಂದ. ಕೈ ಮತ್ತೆ ನಡುಗುತ್ತಿತ್ತು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಕೈ ನಡುಗುವುದನ್ನು ನಾನು ಬೋರ್ಡಿಂಗಿನಲ್ಲಿ ಸಾಕಷ್ಟು ಕಂಡಿದ್ದೆ. ಥರ್ಮಾಮೀಟರನ್ನು ನಾಲಗೆಯಡಿ ಇಟ್ಟು ತೆಗೆದೆ. ಪಾದರಸ ಕೊನೆ ಮುಟ್ಟಿತ್ತು.

"ಇಷ್ಟು ಬಿಸಿಯಾದ ಮನುಷ್ಯ ನಿಂತುಕೊಂಡು ಮಾತನಾಡುವುದಿಲ್ಲ. ಚಹಾ ಕುಡಿದೆಯಾ?"

"ದೇವರಾಣೆ ಇಲ್ಲ ಬಾಯಮ್ಮ" ಎಂದ ಪೇಂಟರ್. "ಬಾಯಲ್ಲಿ ಇಟ್ಕೊಂಡದ್ದು ಮಾತ್ರ. ಉಗಿದು ಬಂದೆ."

೫. ಎರಡನೆಯ ಸಾಲು

ಜ್ವರವಿಲ್ಲ, ಚೀಟಿಯಿಲ್ಲ, ಮಾತ್ರೆಯಿಲ್ಲ. ಆತ ಎಷ್ಟು ಬೇಡಿದರೂ ನಾನು ಕೊಡಲಿಲ್ಲ.

ಬಿಸಿಲು ಬಂದ ದಿನ ಬಸ್ ಮಾಲೀಕರು ಕುರ್ಚಿ ಹಾಕಿಸಿಕೊಂಡು ಬೋರ್ಡಿನ ಎದುರು ಕುಳಿತರು. ಬರೆಯಬೇಕಾದ ಸಾಲು: "ಫ್ಲೂ ಜ್ವರಕ್ಕೆ ಚಿಕಿತ್ಸೆ ನೀಡಲಾಗುವುದು." ಪೇಂಟರ್ ಏಣಿ ಹತ್ತಿದ. ಒಂದು ಕೈಯಿಂದ ಇನ್ನೊಂದನ್ನು ಹಿಡಿದುಕೊಂಡ. "ಫ್ಲೂ" ಬರೆಯುವಾಗಲೇ ಅಕ್ಷರಕ್ಕೆ ಚಳಿ ಹಿಡಿಯಿತು. "ಜ್ವರ" ಗಡಗಡನೆ ನಡುಗಿತು. "ಚಿಕಿತ್ಸೆ"ಯನ್ನು ನೋಡಿದರೆ, ಅದು ಫಲಿಸುವ ಭರವಸೆ ಯಾರಿಗೂ ಬರುವಂತಿರಲಿಲ್ಲ.

"ಕುಡಿದು ಏಣಿ ಹತ್ತಿದ್ದಿಯಲ್ಲ ಮಾರಾಯಾ!" ಎಂದು ಮಾಲೀಕರು ಎದ್ದರು.

ಪೇಂಟರ್ ಸಾಲು ಮುಗಿಸಿ ಇಳಿದು ಬಂದ. ನಾನು ಹೊರಗೆ ಬಂದು "ಬಾಯಿ ತೆರೆ" ಎಂದೆ. ತೆರೆದ. ಹತ್ತಿರ ನಿಂತು ಮೂಸಿದೆ. ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಬ್ರಷ್ಷಿನ ಟರ್ಪೆಂಟೈನ್ ವಾಸನೆಯ ಹೊರತು ಬೇರೇನೂ ಇರಲಿಲ್ಲ.

"ಈತ ಕುಡಿದಿಲ್ಲ" ಎಂದೆ. ನಾನು ಮೂಸಿ ಹೇಳಿದ ಮಾತನ್ನು ಅಲ್ಲಗಳೆಯುವ ಧೈರ್ಯ ಪುತ್ತೂರಿನಲ್ಲಿ ಯಾರಿಗೂ ಇರಲಿಲ್ಲ.

ಗದ್ದಲ ಕೇಳಿ ಡಾಕ್ಟರು ಹೊರಬಂದರು. ಬೋರ್ಡನ್ನು ನೋಡಿದರು. ಪೇಂಟರನ ಬಲಗೈಯನ್ನು ಕಂಕುಳಿಂದ ಎಳೆದು ನೋಡಿದರು, ನಡೆಸಿ ನೋಡಿದರು, ಮೊಣಕೈ ಮಡಿಸಿ ನೋಡಿದರು.

"ಆ ಮಾತ್ರೆ ತಿಂದಷ್ಟು ದಿನ ಕೈ ನಿಲ್ತದೆ ಡಾಕ್ಟ್ರೆ" ಎಂದ ಪೇಂಟರ್. "ಮುಗಿದ್ರೆ ಮತ್ತೆ ಶುರು."

"ನಿಲ್ಲಲೇಬೇಕು. ನಡುಕದ ಈ ಕಾಯಿಲೆಗೂ ಅದನ್ನು ಕೊಡುತ್ತಾರೆ. ಮೊದಲೇ ಕೈ ತೋರಿಸಲಿಕ್ಕೆ ನಿನಗೆ ಎಂತ ಆಗಿತ್ತು?"

"ಜ್ವರ ಎಲ್ಲರಿಗೂ ಬರ್ತದೆ. ಕೈ ನಡುಗ್ತದೆ ಅಂತ ನಾನೇ ಹೇಳಿಕೊಂಡ್ರೆ ಮತ್ತೆ ನಂಗೆ ಬೋರ್ಡು ಯಾರು ಕೊಡುದು?"

ಡಾಕ್ಟರು ನನ್ನ ಕಡೆ ತಿರುಗಿ, "ಇನ್ನು ಇವನಿಗೆ ಜ್ವರ ಇಲ್ಲದಿದ್ದರೂ ಕೊಡಿ" ಎಂದರು.

"ಚೀಟಿ ಬರೆದುಕೊಡಿ" ಎಂದೆ.

ಬರೆದುಕೊಟ್ಟರು. ಕೆಲವು ದಿನಗಳ ನಂತರ ಮೂರನೆಯ ಸಾಲು ಮೂಡಿತು: "ಭಾನುವಾರ ರಜೆ." ಅದು ಮೊದಲನೆಯದರಷ್ಟೇ ನೆಟ್ಟಗಿತ್ತು. ಬಸ್ ಮಾಲೀಕರು ಹಿಂದೆ ಸರಿದು ನೋಡಿದರು, ಮುಂದೆ ಬಂದು ನೋಡಿದರು, ಬೆರಳಿನಿಂದ ಮುಟ್ಟಿ ಕೈಗೆ ಬಣ್ಣ ಬಳಿದುಕೊಂಡರು.

"ಆಯ್ತು. ನಾಳೆ ಶೆಡ್ಡಿಗೆ ಬಾ. ಮಾತ್ರೆ ತಪ್ಪಿಸಬೇಡ" ಎಂದರು. "ಓಡುವಾಗ ನನ್ನ ಬಸ್ಸು ಹೇಗೂ ನಡುಗ್ತದೆ. ನಿಂತಾಗಲಾದ್ರೂ ಅಕ್ಷರ ನಿಲ್ಲಲಿ."

೬. ನಾಲಗೆಯ ಅಡಿ

ಎರಡನೆಯ ಸಾಲನ್ನು ಅಳಿಸಿ ಬರೆಯುವೆನೆಂದು ಪೇಂಟರ್ ಹೇಳಿದ. ಡಾಕ್ಟರು ಬೇಡವೆಂದರು. ಆ ಬೋರ್ಡು ಹಾಗೆಯೇ ಉಳಿಯಿತು: ಮೇಲೊಂದು ನೆಟ್ಟನೆಯ ಸಾಲು, ಕೆಳಗೊಂದು ನೆಟ್ಟನೆಯ ಸಾಲು, ನಡುವೆ ನಡುಗುವ ಫ್ಲೂ. ಶಿಸ್ತಿನ ದೃಷ್ಟಿಯಿಂದ ನನಗೆ ಅದು ಸಮ್ಮತವಿರಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಕೋಡಿಂಬಾಳದ ಹಿರಿಯಾಕೆ ಬಂದರು. ಈ ಬಾರಿ ಜ್ವರ ಸೊಸೆಗೆ. ಆಕೆ ಒಳಗೆ ಡಾಕ್ಟರ ಎದುರಿದ್ದಳು. ಹಿರಿಯಾಕೆ ಅಂಗಳದಲ್ಲಿ ನಿಂತು ಬಹಳ ಹೊತ್ತು ಬೋರ್ಡನ್ನು ನೋಡಿದರು. ಅನಂತರ ಕಿಟಕಿಗೆ ಬಂದರು.

"ಈಗ ಅರ್ಥ ಆಯ್ತು ಬಾಯಮ್ಮ. ಇಷ್ಟು ವರ್ಷ ನಿಮಗೆ ಸರಿಯಾಗಿ ಹೇಳ್ಲಿಕ್ಕೆ ಬರಲಿಲ್ಲ. ನಡುವಿನದಕ್ಕೆ ಜ್ವರ. ಮೇಲಿನದಕ್ಕೂ ಕೆಳಗಿನದಕ್ಕೂ ಮೊದಲೇ ಮಾತ್ರೆ ಕೊಟ್ಟದ್ದು. ಅದಕ್ಕೇ ಎರಡೂ ಗಟ್ಟಿ ನಿಂತಿವೆ. ಅಲ್ವಾ?"

ನಾನು ವರ್ಷಗಟ್ಟಲೆ ಹೇಳಿ ಸೋತ ಪಾಠವನ್ನು ನಡುಗುವ ಒಂದು ಸಾಲು ಕಲಿಸಿತ್ತು. ಅಲ್ಲವೆನ್ನಲು ನಾನು ಮೂರ್ಖಳಲ್ಲ. ಡಾಕ್ಟರ ಚೀಟಿಯೂ ಬಂದಿತು. ಕೆಂಪು ಮಾತ್ರೆಯನ್ನು ಆಕೆಯ ಅಂಗೈಯಲ್ಲಿಟ್ಟೆ. ಆಕೆ ತರ್ಕವಿಲ್ಲದೆ ಬಾಯಿಗೆ ಹಾಕಿಕೊಂಡು, ಲೋಟದ ನೀರನ್ನು ಪೂರ್ತಿ ಕುಡಿದು, ನಾನು ಹೇಳುವ ಮೊದಲೇ ಬಾಯಿ ಅಗಲವಾಗಿ ತೆರೆದರು. ಬಾಯಿ ಖಾಲಿ ಇತ್ತು. ಬೆಂಚಿನಲ್ಲಿದ್ದವರು ಮೆಚ್ಚಿ ತಲೆದೂಗಿದರು.

"ನಾಲಗೆ ಎತ್ತಿ" ಎಂದೆ.

ಆಕೆ ನನ್ನನ್ನು ದಿಟ್ಟಿಸಿದರು. ನಾನೂ ದಿಟ್ಟಿಸಿದೆ. ಬಹಳ ನಿಧಾನವಾಗಿ ನಾಲಗೆ ಮೇಲೆದ್ದಿತು. ಅದರ ಅಡಿಯಲ್ಲಿ, ಒಂದಿಷ್ಟೂ ಕರಗದೆ, ಕೆಂಪು ಮಾತ್ರೆ ಕುಳಿತಿತ್ತು.

"ಇದು ನಂಗಲ್ಲ" ಎಂದರು ಅವರು, ಅದನ್ನು ಜೋಪಾನವಾಗಿ ಅಂಗೈಗೆ ತೆಗೆದುಕೊಳ್ಳುತ್ತ. "ನಾಯಿಗೆ. ಕಳೆದ ಸಲ ಅದಕ್ಕೆ ತುಂಬಾ ಒಳ್ಳೆದಾಗಿದೆ."