ಸೀನಿದ ಬಾಗಿಲು

ಬಾಗಿಲಿನವನು ಇಷ್ಟು ವರ್ಷದ ಚಾಕರಿಯಲ್ಲಿ ತೂಕಡಿಸಿದ್ದು ಒಂದೇ ಸಲ. ಸರಿಯಾಗಿ ಆಗಲೇ ಯಜಮಾನರ ಮೂಗು ಬಾಗಿಲ ಗಾಜಿಗೆ ಬಡಿದು, ಮಾಗಿದ ಟೊಮೇಟೊ ಆಯಿತು. ಕಂಪನಿಗೆ ತಾನಾಗೇ ತೆರೆಯುವ ‘ಯೋಚಿಸುವ ಬಾಗಿಲು’ ಬರಲು ಅಷ್ಟೇ ಸಾಕಾಯಿತು.

ಅದನ್ನು ತಂದವನು ನಾಳಿನ ಯಂತ್ರಗಳನ್ನು ಮಾರುವ ಭವಿಷ್ಯ ತಜ್ಞ. ಅವನ ಕೋಟಿಗಿಂತ ಮಾತಿಗೇ ಇಸ್ತ್ರಿ ಹೆಚ್ಚು.

ಉದ್ಘಾಟನೆಯ ಬೆಳಿಗ್ಗೆ ಕಚೇರಿಯವರೆಲ್ಲ ಸಾವಿನ ಮನೆಗೆ ಬಂದವರಂತೆ ಬಾಗಿಲಿನವನ ಸ್ಟೂಲಿನ ಸುತ್ತ ನೆರೆದರು.

“ಇನ್ನು ಹತ್ತು ವರ್ಷಕ್ಕೆ ಮನುಷ್ಯರು ಕೈಯನ್ನೇ ಬಳಸಲ್ಲವಂತೆ ಕಣಯ್ಯ,” ಎಂದ ಗುಮಾಸ್ತ, ಕಿವಿ ಕೆರೆದುಕೊಳ್ಳುತ್ತ.

“ಆ ಸ್ಟೂಲು ನನಗೇ ಕೊಟ್ಬಿಡಪ್ಪ, ಹೂಕುಂಡ ಇಡೋಕಾಗುತ್ತೆ,” ಎಂದಳು ಟೈಪಿಸ್ಟಮ್ಮ.

ಬಾಗಿಲಿನವನು ಸ್ಟೂಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ. ಹೆಂಡತಿ, ಮಗು, ಅತ್ತೆ, ಉಂಡಾಡಿ ಭಾವಮೈದ, ಎಲ್ಲರ ಹೊಟ್ಟೆಯೂ ಇದೇ ಸ್ಟೂಲಿನ ಮೇಲೆ ಕೂತಿತ್ತು.

ಅಷ್ಟರಲ್ಲಿ ತಜ್ಞ ಅವನನ್ನು ಮೂಲೆಗೆಳೆದ. ಮುಖದಲ್ಲಿ ಬೆವರು.

“ಅಣ್ಣಾ, ಬಾಗಿಲು ಬರೀ ಯೋಚಿಸ್ತಾ ನಿಂತಿದೆ, ತೆಗೀತಾ ಇಲ್ಲ! ಪಕ್ಕದ ಕಪಾಟಿನಲ್ಲಿ ಕೂತು, ಬಾಗಿಲಿಗೆ ಕಟ್ಟಿರೋ ಹಗ್ಗ ಎಳೆದುಬಿಡು. ನಿನ್ನ ಕೆಲಸ ಉಳಿಸೋ ಭಾರ ನನ್ನದು.”

“ನಿಜವಾಗ್ಲೂ?”

“ನಮ್ಮಪ್ಪನಾಣೆ!”

ಬಾಗಿಲಿನವನು ಒಳಹೊಕ್ಕ. ಅನುಮಾನ ಬೇಡವೆಂದು ತಜ್ಞ ಹೊರಗಿನಿಂದ ಬೀಗ ಜಡಿದ. ಬಿರುಕಿನಿಂದ ಯಜಮಾನರು ಕಂಡೊಡನೆ ಬಾಗಿಲಿನವನು ಹಗ್ಗ ಎಳೆದ; ಬಾಗಿಲು ಬೆಣ್ಣೆಯಂತೆ ಸರಿಯಿತು. ಹಾಳು ಅಭ್ಯಾಸ, ಬಾಯಿಂದ “ನಮಸ್ಕಾರ ಸಾರ್” ಕೂಡ ಹೊರಬಿತ್ತು.

“ಅರೆ, ಮಾತೂ ಆಡುತ್ತೆ!” ಎಂದರು ಯಜಮಾನರು.

“ಮರ್ಯಾದೆ ತಾನಾಗೇ ಕಲಿತಿದೆ ಸಾರ್,” ಎಂದ ತಜ್ಞ.

ಗುಮಾಸ್ತ ಬಂದಾಗ ಬಾಗಿಲು ಬೇಕೆಂದೇ ಅರ್ಧ ತೆರೆದು ಅವನ ಹೊಟ್ಟೆ ಹಿಚುಕಿತು. “ಗುಣ ಅಳೆದು ನೋಡುತ್ತೆ ಸಾರ್,” ಎಂದ ತಜ್ಞ. ಕಪಾಟಿನ ಧೂಳು ಮೂಗಿಗೇರಿ ಬಾಗಿಲು ‘ಹಾಕ್ಷೀ!’ ಎಂದಿತು. “ಗಾಳಿ ಪರೀಕ್ಷೆ ಸಾರ್!” ಚಪ್ಪಾಳೆಯೋ ಚಪ್ಪಾಳೆ.

ಯಜಮಾನರು ಉಬ್ಬಿಹೋದರು. “ಇಂಥಾ ಬಾಗಿಲಿರುವಾಗ ಬಾಗಿಲಿನವನು ಯಾಕ್ರೀ? ಇವತ್ತೇ ತೆಗೆದುಹಾಕಿ!”

ಬಾಗಿಲಿನವನು ಕಪಾಟನ್ನು ದಬದಬ ಬಡಿದ. “ಸಾರ್! ನಾನು ಇಲ್ಲೇ ಇದ್ದೀನಿ ಸಾರ್! ಎಲ್ಲಾ ನಾನೇ ಸಾರ್!”

ಎಲ್ಲರೂ ಬಾಗಿಲಿನತ್ತ ತಿರುಗಿದರು. ತಜ್ಞ ಕಣ್ಣೊರೆಸಿಕೊಂಡ. “ಕೇಳಿದಿರಾ? ಅದಕ್ಕೆ ‘ನಾನು’ ಅನ್ನೋ ಅರಿವು ಬಂದಿದೆ. ಇಪ್ಪತ್ತು ವರ್ಷ ಆಗುತ್ತೆ ಅಂದುಕೊಂಡಿದ್ದೆ, ಇವತ್ತೇ ಬಂತು!”

ಯಜಮಾನರು ನಿಂತಲ್ಲೇ ಇನ್ನೂ ಆರು ಬಾಗಿಲು ಬೇಕೆಂದರು.

ಸಂಜೆ ಬೀಗ ತೆರೆದದ್ದೇ ಬಾಗಿಲಿನವನು ತಜ್ಞನ ಕಾಲರ್ ಹಿಡಿದ. “ಕೆಲಸ ಉಳಿಸ್ತೀನಿ ಅಂದಿದ್ದೆಯಲ್ಲಯ್ಯಾ!”

“ಉಳಿಸಿದೀನಲ್ಲಣ್ಣ! ನಾಳೆಯಿಂದ ಇದೇ ಕಪಾಟು. ಅರ್ಧ ಸಂಬಳ, ನನ್ನ ಕೈಯಿಂದ. ಪೂರ್ತಿ ಅಂತ ಆಣೆ ಇಟ್ಟಿದ್ನಾ? ಅಂದ ಹಾಗೆ, ಆರು ಕಪಾಟು ಖಾಲಿ ಇವೆ. ಮನೇಲಿ ಭಾವಮೈದ ಇದ್ದಾನಾ?”

ಬಾಗಿಲಿನವನು ಮನೆಯ ಹೊಟ್ಟೆಗಳನ್ನು ನೆನೆದು ಕಾಲರ್ ಬಿಟ್ಟ.

ಮರುದಿನ ಯಜಮಾನರು ಬಂದಾಗ ಬಾಗಿಲು ಸರಿದು, ನಮಸ್ಕರಿಸಿ, ಮೇಲಿಂದ ಮೇಲೆ ಸೀನಿತು. ಬಾಗಿಲಿನವನ ಮುಖವನ್ನು ಒಮ್ಮೆಯೂ ನೋಡದಿದ್ದ ಯಜಮಾನರು ನಿಂತು ಗಾಜನ್ನು ಸವರಿದರು.

“ಪಾಪ, ದಣಿದಿದೆ ಕಣ್ರೀ. ಎರಡು ದಿನ ರಜೆ ಕೊಡಿ.”

ಕಪಾಟಿನೊಳಗೆ ಬಾಗಿಲಿನವನ ಕಣ್ಣು ತುಂಬಿತು. ಹೆಂಡತಿ ಹೆರುವಾಗಲೂ ಸಿಗದ ರಜೆ!

ತಜ್ಞ ಬಿರುಕಿಗೆ ಬಾಯಿಟ್ಟು ಪಿಸುಗುಟ್ಟಿದ: “ರಜೆ ಬಾಗಿಲಿಗೆ ಕಣಣ್ಣ. ನಿನಗೆ ಎರಡು ದಿನದ ಸಂಬಳ ಕಟ್.”