ಕಾಕಾನ ಲಗ್ನದ ಕಾಯಿದೆಗಳು

ನಮ್ಮ ಕಾಕಾ ನಲವತ್ತು ಲಗ್ನ ಮಾಡಿದವರು. ಗಾಬರಿಯಾಗಬೇಡಿ! ನಲವತ್ತೂ ಬೇರೆ ಮಂದಿಯವು. ತಮ್ಮದೊಂದು ಮಾಡಿಕೊಳ್ಳಲು ಅವರಿಗೆ ಪುರಸೊತ್ತೇ ಆಗಲಿಲ್ಲ.

ಅಪ್ಪನಿಗೆ ದೂರದ ತಮ್ಮನಾಗಬೇಕಾದ ಈ ಕಾಕಾ ಸಪ್ತಾಪುರದಲ್ಲಿ ಒಂದು ಬಾಡಿಗೆ ಖೋಲಿಯಲ್ಲಿ ಒಬ್ಬರೇ ಇದ್ದರು. ಅರವತ್ತರ ದಶಕದ ಮಾತು. ಹುಬ್ಬಳ್ಳಿ-ಧಾರವಾಡದಲ್ಲಿ ನಮ್ಮ ಬಳಗದ ಯಾರ ಲಗ್ನ ಗೊತ್ತಾದರೂ ಮರುದಿನ ಕಾಕಾ ಹಾಜರು, ಸಲಹೆಗಳ ಸಮೇತ. ಕೇಳಬೇಕೆಂದೇನೂ ಇರಲಿಲ್ಲ.

"ಪತ್ರಿಕಾದಾಗ ಮುಹೂರ್ತ ಒಂದು ತಾಸು ಮೊದಲ ಹಾಕಸ್ರಿ. ನಮ್ಮ ಮಂದಿ ತಡಾ ಮಾಡೇ ಬರ್ತಾರ" ಎನ್ನುವುದು ಮೊದಲ ಕಾಯಿದೆ. ಒಮ್ಮೆ ಹುಬ್ಬಳ್ಳಿಯ ಬೀಗರಲ್ಲೂ ಇಂಥವರೊಬ್ಬರು ಇದ್ದರೆಂದು ಕಾಣುತ್ತದೆ. ಅವರು ತಮ್ಮ ಮಂದಿಗೆ ಇನ್ನೊಂದು ತಾಸು ಮೊದಲು ಹೇಳಿದ್ದರು. ದಿಬ್ಬಣ ಬಂದಿಳಿದಾಗ ಹುಡುಗಿಯ ಅಪ್ಪ ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡೇ ಕೈಮುಗಿದರು!

ಎರಡನೆಯದು ಸಿಟ್ಟಿನವರ ಖೋಲಿ. ಯಾವ ಲಗ್ನದಲ್ಲಿ ಯಾರೂ ಸಿಟ್ಟಾಗುವುದಿಲ್ಲ, ಹೇಳಿ? "ಅವರಿಗೊಂದು ಖೋಲಿ ಬ್ಯಾರೇನ ಇಡ್ರಿ. ಒಂದು ತಂಬಿಗಿ ನೀರು, ಎಲಿ-ಅಡಿಕಿ. ತಾಸಿಗೊಮ್ಮೆ ಯಾರರ ಹೋಗಿ ರಮಿಸಿ ಬರ್ರಿ." ಒಂದು ಲಗ್ನದಲ್ಲಿ ಅಲ್ಲಿ ಸೇರಿದ ನಾಲ್ವರು ಇಸ್ಪೀಟು ಶುರು ಮಾಡಿ, ಸಿಟ್ಟೂ ಮರೆತರು, ಮುಹೂರ್ತವನ್ನೂ ಮರೆತರು.

ಮೂರನೆಯದರಲ್ಲಿ ರಿಯಾಯಿತಿ ಇರಲಿಲ್ಲ. "ಬಾಗಿಲದಾಗ ನಿಂತು 'ಬರ್ರಿ' ಅನ್ನೋರು ಒಬ್ಬರು ಬೇಕ. ಅನ್ನಿಸಿಕೊಳ್ಳದ ಯಾರೂ ಒಳಗ ಬರಬಾರದು." ಆ ಒಬ್ಬರು ಯಾವಾಗಲೂ ಕಾಕಾನೇ. ಎಲ್ಲರನ್ನೂ ಕರೆದು, ಎಲ್ಲರಿಗೂ ಬಡಿಸಿ, ಕಡೆಯ ಪಂಕ್ತಿಯೂ ಎದ್ದ ಮೇಲೆ ಅಡುಗೆಯವರ ಜೊತೆ ಉಳಿದದ್ದನ್ನು ಉಣ್ಣುತ್ತಿದ್ದರು.

ಲಗ್ನದ ಮರುದಿನದ ಕಾಕಾನನ್ನು ಮಾತ್ರ ನೋಡಬಾರದು. ನಮ್ಮ ಕಟ್ಟೆಯ ಮೇಲೆ ಕೂತು, "ಇನ್ನ ಯಾರದೂ ಗೊತ್ತಾಗಿಲ್ಲೇನ?" ಎನ್ನುತ್ತಿದ್ದರು. ಇಲ್ಲವೆಂದರೆ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಿದ್ದರು. ನಾವು ಹಿಂದಿನಿಂದ ನಗುತ್ತಿದ್ದೆವು. ನೆನೆದರೆ ಈಗ ನಾಚಿಕೆಯಾಗುತ್ತದೆ.

ಕಡೆಗೆ ನನ್ನದೇ ಲಗ್ನ ಗೊತ್ತಾಯಿತು. ಕಾಕಾ ಬಂದು ಸಿಟ್ಟಾಗುವವರ ಯಾದಿ ಬರೆಯತೊಡಗಿದರು. ನಾನು ಚೇಷ್ಟೆಗೆ ಕೇಳಿದೆ: "ಕಾಕಾ, ನೀವು ಒಮ್ಮಿನೂ ಸಿಟ್ಟಾಗಿಲ್ಲಲ್ರಿ?"

"ಸಿಟ್ಟಾಗಬೇಕಂದ್ರ ಮೊದಲ ಯಾರರ ಕರದಿರಬೇಕಲ್ಲವಾ, ಯವ್ವಾ" ಎಂದು ನಕ್ಕು, ಅವರು ಮತ್ತೆ ಬರೆಯತೊಡಗಿದರು.

ನನಗೆ ನಗು ಬರಲಿಲ್ಲ. ನಲವತ್ತು ಲಗ್ನ! ಒಬ್ಬರೂ ಅವರಿಗೆ ಪತ್ರಿಕೆ ಕೊಟ್ಟಿರಲಿಲ್ಲ. "ಮನ್ಯಾಗಿನವಗ ಎಂಥಾ ಪತ್ರಿಕಾ?" ಎಂದು ಅಪ್ಪನೂ ಅಂದ. ಅದೇ ಅಪ್ಪನನ್ನು ಎಳೆದುಕೊಂಡು ಸಪ್ತಾಪುರಕ್ಕೆ ಹೋದೆ. ಕುಂಕುಮ ಹಚ್ಚಿ, ಪತ್ರಿಕೆ ಕೊಟ್ಟು, "ಲಗ್ನಕ್ಕ ಬರಬೇಕ್ರಿ" ಎಂದೆ. ಕಾಕಾ ಪತ್ರಿಕೆಯ ಮೇಲಿನ ತಮ್ಮ ಹೆಸರನ್ನು ಎರಡು ಸಲ ಓದಿದರು. ನಮ್ಮನ್ನು ಕೂಡ್ರಿಸಲು ಆ ಖೋಲಿಯಲ್ಲಿ ಒಂದೇ ಕುರ್ಚಿ ಇತ್ತು.

ಲಗ್ನದ ದಿನ ಮನೆ ಮುಂದಿನ ಹಂದರದಲ್ಲಿ ಗದ್ದಲವೋ ಗದ್ದಲ! ಅಡುಗೆಯವನಿಗೆ ಸೌಟು ಸಿಗಲಿಲ್ಲ. ಬಂದವರನ್ನು ಬರ್ರಿ ಎನ್ನುವವರಿಲ್ಲ. ಕಾಕಾ ಒಳಗಿದ್ದಾರೆಂದು ಹೊರಗಿನವರು, ಹೊರಗಿದ್ದಾರೆಂದು ಒಳಗಿನವರು. ಬಾಸಿಂಗ ಕಟ್ಟಿಸಿಕೊಳ್ಳುತ್ತ ಕಿಟಕಿಯಿಂದ ನೋಡಿದರೆ, ಗೇಟಿನ ಆಚೆ ಬಿಸಿಲಲ್ಲಿ ಕಾಕಾ! ಇಸ್ತ್ರಿ ಮಾಡಿದ ಕೋಟು, ಕೈಯಲ್ಲಿ ಪತ್ರಿಕೆ. ಈ ಸಲ ಅವರು ಅತಿಥಿ. ಬರ್ರಿ ಅನ್ನಿಸಿಕೊಳ್ಳದೆ ಒಳಗೆ ಹೇಗೆ ಬಂದಾರು?

ಅವ್ವ ತಡೆದರೂ ಕೇಳದೆ, ಅರ್ಧ ಕಟ್ಟಿದ ಬಾಸಿಂಗ ಹಿಡಿದುಕೊಂಡು ಓಡಿದೆ. "ಬರ್ರಿ ಕಾಕಾ, ಒಳಗ ಬರ್ರಿ!"

ಅಕ್ಷತೆ ಬಿದ್ದ ಮೇಲೆ ಅವರನ್ನು ಊಟದ ಮೊದಲ ಪಂಕ್ತಿಯಲ್ಲೇ ಕೂಡ್ರಿಸಿದೆವು. ಎಲೆಗೆ ಬಿದ್ದ ಹೋಳಿಗೆಯ ಮೇಲೆ ತುಪ್ಪ ಕರಗುತ್ತಿತ್ತು. ಕಾಕಾ ಒಂದು ತುತ್ತು ಬಾಯಿಗಿಟ್ಟರು. ಆಮೇಲೆ ಮೆಲ್ಲಗೆ ನನ್ನನ್ನು ಕೇಳಿದರು:

"ಬಿಸಿ ಇದ್ದಾಗ ಇವು ಇಷ್ಟು ಛಲೋ ಇರ್ತಾವೇನವಾ?"