ಬೋರ್ಡು ಬಿಟ್ಟು ನೇರ ಚಿಪ್ಪಿಗೇ!

"ಹಂಪಿ ಶಿಲ್ಪಿ ನೇರ ಕಲ್ಲಿಗೇ ಉಳಿ ಇಟ್ಟ. ನಡುವ ಬೋರ್ಡು ಗೀರ್ಡು ಇಟ್ಕಂಡಿದ್ನಾ? ಇನ್ಮ್ಯಾಲೆ ನಾನೂ ಅಷ್ಟ. ನೇರ ಚಿಪ್ಪಿಗೇ ಪ್ರೋಗ್ರಾಂ!" ಎಂದು ಕಂಪ್ಲಿಯ ಅಕ್ಕಿ ಗಿರಣಿಯ ವೀರೇಶ್ ಭಾನುವಾರ ಬೆಳಿಗ್ಗೆ ಘೋಷಿಸಿದ.

"ಮೊದ್ಲು ಮಿಕ್ಸರ್ ವಯರ್ ಸರಿ ಮಾಡ್ರಿ, ಶಿಲ್ಪಿಗಳೇ," ಎಂದಳು ಹೆಂಡತಿ ಶಾಂಭವಿ.

ಈ ಹುಚ್ಚು ಹತ್ತಿಸಿದವನು ಗೆಳೆಯ ಮಾರೇಶ್. ಎಲೆಕ್ಟ್ರಾನಿಕ್ಸ್ ಹೊಸದಾಗಿ ಕಲಿಯುವವರ, ಚಿಪ್ಪು ಕೂರಿಸಿದ ನೀಲಿ ಬೋರ್ಡೊಂದನ್ನು ತಂದು, ಅದಕ್ಕೆ ಪ್ರೋಗ್ರಾಂ ತುಂಬಿ, ವೀರೇಶನ ಮಾಳಿಗೆಯ ಟ್ಯಾಂಕಿಗೆ ಕಟ್ಟಿದ್ದ. ಟ್ಯಾಂಕು ತುಂಬಿದೊಡನೆ ಅದು ಪೀಂಪೀಂ ಎಂದು ಹಾಡುತ್ತಿತ್ತು. ಶಾಂಭವಿ ಓಡಿಹೋಗಿ ಮೋಟಾರು ಆರಿಸುತ್ತಿದ್ದಳು. ಹೋದ ವರ್ಷ ಎದೆನೋವು ಎಂದ ಮಾರೇಶ್, ಹೊಸಪೇಟೆ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ. ಮೂವತ್ತೆಂಟು ವರ್ಷ. ಅಂದಿನಿಂದ ಟ್ಯಾಂಕು ಹಾಡಿದಾಗಲೆಲ್ಲ ವೀರೇಶ್ ಕೈಯಲ್ಲಿದ್ದ ತುತ್ತನ್ನು ಕೈಯಲ್ಲೇ ಹಿಡಿದು, ಹಾಡು ಮುಗಿಯುವವರೆಗೆ ಸುಮ್ಮನೆ ಕೂರುತ್ತಿದ್ದ.

ಬೋರ್ಡಿಲ್ಲದ ಬರೀ ಚಿಪ್ಪಿಗೆ ಪ್ರೋಗ್ರಾಂ ತುಂಬಲು ಕಂಪ್ಯೂಟರಿಗೂ ಅದಕ್ಕೂ ನಡುವೆ ಒಂದು ಸಾಧನ ಬೇಕು. ಹಳೆಯ ಬೋರ್ಡನ್ನೇ ಆ ಕೆಲಸಕ್ಕೆ ಹಚ್ಚಬಹುದೆಂದು ವಿಡಿಯೋ ಹೇಳಿತು. ಬೋರ್ಡು ಬಿಡಲಿಕ್ಕೂ ಬೋರ್ಡೇ ಬೇಕು! ಮನೆಯಲ್ಲಿದ್ದದ್ದು ಒಂದೇ. ವೀರೇಶ್ ಏಣಿ ಹತ್ತಿ ಅದನ್ನು ಇಳಿಸಿದ, ವಿಡಿಯೋ ಕೊಟ್ಟ ಪ್ರೋಗ್ರಾಮನ್ನು ಅದಕ್ಕೆ ಕಳಿಸಿದ, ಚಿಪ್ಪಿಗೆ ತಂತಿ ಎಳೆದ. ತಪ್ಪು ಸೆಟ್ಟಿಂಗಿಗೆ ಎರಡು ಚಿಪ್ಪುಗಳು ಕೆಟ್ಟು ಕಲ್ಲಾದವು. ಮೂರನೆಯದು ಸಂಜೆಗೆ ಕಣ್ಣು ಬಿಟ್ಟಿತು.

"ಶಾಂಭವೀ! ಲೈಟು ಮಿಣಮಿಣ ಅಂತು ಬಾ!"

"ಒಂದು ಲೈಟಿಗೆ ಇಡೀ ದಿನಾನಾ? ಸ್ವಿಚ್ ಒತ್ತಿದ್ರ ಹತ್ತತಿತ್ತಲ್ರಿ!"

ಎರವಲು ತಂದ ಸೌಟನ್ನು ಹಿಂತಿರುಗಿಸುವಂತೆ ವೀರೇಶ್ ಬೋರ್ಡನ್ನು ಟ್ಯಾಂಕಿಗೆ ಮತ್ತೆ ಕಟ್ಟಿದ.

ಮರುದಿನ ಮೋಟಾರು ಹಾಕಿದರು. ಹಾಡಿಲ್ಲ! ಟ್ಯಾಂಕು ಉಕ್ಕಿ, ಮಾಳಿಗೆ ತೊಳೆದು, ಅಂಗಳದಲ್ಲಿ ಒಣಹಾಕಿದ್ದ ಶಾವಿಗೆಯ ಮೇಲೆ ಜಲಪಾತ!

"ಬರ್ರಿ, ಪಾಯಸ ರೆಡಿ ಆಗೈತಿ! ಸಕ್ಕರಿ ಒಂದು ಹಾಕ್ರಿ!" ಎಂದು ಶಾಂಭವಿ ಕೂಗಿದಳು.

ವೀರೇಶನಿಗೆ ಆಗ ಹೊಳೆಯಿತು. ಆ ಬೋರ್ಡಿನಲ್ಲಿ ಒಮ್ಮೆಗೆ ಒಂದೇ ಪ್ರೋಗ್ರಾಂ ನಿಲ್ಲುತ್ತದೆ. ಹೊಸದು ಬಂದಾಗ ಹಳೆಯದು ಅಳಿದಿತ್ತು. ಬೇರೆ ಪ್ರತಿ ಇಲ್ಲ; ಮಾರೇಶನ ಲ್ಯಾಪ್‌ಟಾಪು ಅವನಿಗಿಂತ ಮೊದಲೇ ಸತ್ತಿತ್ತು. ವೀರೇಶ್ ಒದ್ದೆ ಮಾಳಿಗೆ ಹತ್ತಿ, ಬೋರ್ಡನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕೂತ.

"ಮಾರೇಶನ್ನ ನನ್ನ ಕೈಯಾರೆ ಅಳಿಸಿಬಿಟ್ನಲ್ಲೇ."

ಶಾಂಭವಿ ಬೈಗುಳವನ್ನು ಅರ್ಧಕ್ಕೇ ನಿಲ್ಲಿಸಿದಳು. "ಏಳ್ರಿ. ಸಂಘಮಿತ್ರಾಗ ಹೋಗಿ ಹೇಳ್ರಿ."

ಸಂಘಮಿತ್ರಾ ಮಾರೇಶನ ಹೆಂಡತಿ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಾಳೆ. ಕಮಲಾಪುರದ ಅವಳ ಮನೆ ಬಾಗಿಲಲ್ಲೇ ವೀರೇಶ್ ಬೋರ್ಡನ್ನು ಅವಳ ಕೈಗಿಟ್ಟು ತಪ್ಪೊಪ್ಪಿಕೊಂಡ. "ಕ್ಷಮಿಸವ್ವಾ. ಮಾರೇಶ್ ಬರೆದಿದ್ದು ಅದೊಂದ ಉಳಿದಿತ್ತು."

ಅವಳು ಬೋರ್ಡನ್ನು ತಿರುಗಿಸಿ ನೋಡಿದಳು. ಮೊದಲು ಅತ್ತಳು. ಆಮೇಲೆ ಅದೇ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಅಣ್ಣಾ, ಅದನ್ನ ಬರೆದಿದ್ದು ನಾನ್ರಿ. ಅಳಿದಾಗೆಲ್ಲ ಮತ್ತ ಮತ್ತ, ನಾಕು ಸಲ ಬರೆದೀನಿ. ನಿಮಗ ಹೇಳಬ್ಯಾಡ ಅಂತ ನಮ್ಮ ಮನಿಯವ್ರು ಆಣಿ ಹಾಕಿಸ್ಕಂಡಿದ್ರು."

"ಹಂಗಾದ್ರ ಮಾರೇಶ್ ಏನು ಮಾಡ್ತಿದ್ದ?"

"ಈಗ ನೀವು ಮಾಡ್ಕಂಡು ಬಂದೀರಲ್ಲ, ಅದನ್ನ."